ಅರುವತ್ತು ಸೆಕೆಂಡು

ನನ್ನ ಮೊದಲ ಸೂಜಿ ಬದನೆಕಾಯಿಗೆ.
ತೊಂಬತ್ತು ಡಿಗ್ರಿ, ಸ್ನಾಯುವಿಗೆ.
ನಲವತ್ತೈದು, ಚರ್ಮದ ಕೆಳಗೆ.
ಹದಿನೈದು, ಚರ್ಮದೊಳಗೇ,
ಹೆಸರುಕಾಳಿನಷ್ಟು ಗುಳ್ಳೆ ಏಳಬೇಕು.
ಬದನೆಯಲ್ಲಿ ಗುಳ್ಳೆ ಏಳುವುದಿಲ್ಲ.
"ಎದ್ದಿತು ಅಂದುಕೊಳ್ಳಿ" ಎಂದರು ಎವಾಂಜೆಲಿಸ್ತಾ ಮೇಡಂ
ಉಗುರಿನಷ್ಟು ಚೌಕದೊಳಗಿಂದ.
ರಾತ್ರಿ ಅಮ್ಮ ಅದನ್ನೇ ಹುರಿದಳು.
ಎಣ್ಣೆಯಲ್ಲಿ ಚಟಚಟ ಸಿಡಿಯಿತು ನನ್ನ ಔಷಧಿ,
ಮೂರು ಎಂಎಲ್ ಬಾವಿನೀರು.

ಕತಂದ್ವಾನೆಸ್ ನಮ್ಮ ದ್ವೀಪ,
ಫಿಲಿಪೀನ್ಸಿನ ಅಂಗಿಯಿಂದ ಕಿತ್ತು ಸಮುದ್ರಕ್ಕೆ ಬಿದ್ದ ಗುಂಡಿ.
ಬಿರುಗಾಳಿ ಎಲ್ಲರಿಗಿಂತ ಮೊದಲು ಬರುವುದು ನಮಗೆ,
ನೆಟ್‌ವರ್ಕು ಎಲ್ಲರಿಗಿಂತ ಕೊನೆಗೆ.
ಅಪ್ಪನ ಟ್ರೈಸಿಕಲ್ಲು ಸವಾರಿಯಿಲ್ಲದೆ ಅಂಗಳದಲ್ಲಿ ನಿಂತಿತ್ತು.
ಅದರ ಪಕ್ಕದ ತೊಟ್ಟಿಲಲ್ಲಿ ಕೂತರೆ ಎರಡು ಗೀಟು ಸಿಗ್ನಲ್ಲು,
ಹಾಗಾಗಿ ಅದೇ ತರಗತಿ, ಅದೇ ಪ್ರಯೋಗಶಾಲೆ,
ಕೋಳಿಗಳು ಮೈಕ್ ಮುಚ್ಚಲು ಕಲಿಯದ ಸಹಪಾಠಿಗಳು.
ಐವತ್ತು ಪೆಸೊ ಹಾಕಿಸಿದರೆ ಮೂರು ದಿನ.
ಹೃದಯದ ಪಾಠ ನಾಲ್ಕನೆಯ ದಿನಕ್ಕಿತ್ತು.
ಅಮ್ಮ ಎರಡು ಕಟ್ಟು ಅಬಕಾ ನಾರು ತೂಕಕ್ಕೆ ಹಾಕಿ ಬಂದಳು,
ಯಾತಕ್ಕೆಂದು ಅಪ್ಪನಿಗೆ ಹೇಳಲಿಲ್ಲ.

ಅಕ್ಕಿಚೀಲಕ್ಕೆ ಹಳೆ ಬಟ್ಟೆ ತುರುಕಿ ರೋಗಿ ಮಾಡಿದೆವು.
ತಮ್ಮ ಅದಕ್ಕೆ ಮೇಯರ್ ಎಂದು ಹೆಸರಿಟ್ಟ.
ಮಗ್ಗುಲು ಹೊರಳಿಸುವಾಗ "ನೋವಾಯಿತಾ?" ಎಂದು ಕೇಳದಿದ್ದರೆ
ಎರಡು ಅಂಕ ಕಡಿತ.
ಕೇಳಿದೆ.
ಮೇಯರ್ ಉತ್ತರ ಕೊಡಲಿಲ್ಲ, ಮೇಯರ್‌ಗಳ ಹಾಗೆ.

ನಾಡಿಗೆ ಮಾತ್ರ ಮನುಷ್ಯರೇ ಬೇಕು.
ಅಪ್ಪನ ತಾಯಿ, ಎಪ್ಪತ್ತೆಂಟರ ಲೋಲಾ ಪುರಿಂಗ್,
ಚರ್ಚಿನ ಲಂಗ ತೊಟ್ಟು, ಪೌಡರ್ ಬಳಿದು ಬಂದಳು.
"ಅಷ್ಟು ಜನ ನೋಡ್ತಾರಲ್ಲ."
ಮಣಿಕಟ್ಟಿನ ಮೇಲೆ ನನ್ನ ಮೂರು ಬೆರಳು.
ಗಟ್ಟಿಯಾಗಿ ಎಣಿಸು, ಎಂದರು ಮೇಡಂ.
ಒಂದು ಎರಡು ಮೂರು
                      ನಾಲ್ಕು
ಐದು ಆರು
                                    ಏಳು
"ಜೊವೆಲಿನ್, ನಿನ್ನ ದನಿ ಕಡಿಯುತ್ತಿದೆ."
"ಕಡಿಯುತ್ತಿರುವುದು ನನ್ನ ದನಿಯಲ್ಲ, ಮೇಡಂ."

ಇಪ್ಪತ್ತೇಳು ಚೌಕಗಳು ಸುಮ್ಮನಾದವು.
ಯಾರದೋ ಮನೆಯಲ್ಲಿ ಕುಕ್ಕರ್ ಕೂಗಿತು.
"ಪೂರ್ತಿ ಅರುವತ್ತು ಸೆಕೆಂಡು ಎಣಿಸು ಮಗಳೇ."
ಅದು ಅಂಕ ಕೊಡುವವರ ದನಿಯಾಗಿರಲಿಲ್ಲ.
ಎಪ್ಪತ್ತೊಂದು ಬಂತು.
ಬಾರದೆ ಹೋದವನ್ನು ಎಣಿಸುವುದು ಹೇಗೆಂದು ಇನ್ನೂ ಕಲಿತಿರಲಿಲ್ಲ.

ಅಪ್ಪ ಕಿಕ್ ಹೊಡೆದ.
ಫೋನು ಹಿಡಿದು ನಾನಿನ್ನೂ ಒಳಗೇ ಕೂತಿದ್ದೆ,
ಲೋಲಾಳನ್ನು ಪಕ್ಕಕ್ಕೆ ಹತ್ತಿಸಿದರು, ತರಗತಿಯೇ ಹೊರಟಿತು.
ಪೊಲೀಸರ ಹಗ್ಗ ದಾಟಿ, ಮುಚ್ಚಿದ ಅಂಗಡಿಗಳ ಮುಂದೆ,
ನನ್ನ ಕೈ ಅವಳ ಮಣಿಕಟ್ಟು ಬಿಡಲಿಲ್ಲ.
ಕಡಲ ತಿರುವಿನಲ್ಲಿ ಮೇಡಂ ಬಾಯಿ ತೆರೆದಂತೆಯೇ ನಿಂತುಹೋದರು.
ವಿರಾಕ್ ಆಸ್ಪತ್ರೆಯ ಗೇಟಿನಲ್ಲಿ
ಪ್ಲಾಸ್ಟಿಕ್ ಉಡುಪಿನ ಯಾರೋ ನನ್ನ ಬೆರಳು ಬಿಡಿಸಿದರು.
ಒಬ್ಬೊಬ್ಬರಾಗಿ, ಮೃದುವಾಗಿ.
ಪಠ್ಯದಲ್ಲಿ ಆ ಕೌಶಲ ಇರಲಿಲ್ಲ.

ಒಂಬತ್ತು ದಿನದ ಮೇಲೆ ಮಾತ್ರೆಯ ಪೊಟ್ಟಣದೊಂದಿಗೆ ಬಂದಳು.
ಮೊದಲು ಕೇಳಿದ್ದು ಕೋಳಿಗಳನ್ನು.
ಆಮೇಲೆ, "ಎಷ್ಟು ಮಾರ್ಕ್ಸು ಬಂತು ನನಗೆ?"

ಈಗ ಲೆಗಾಸ್ಪಿಯಲ್ಲಿ, ಗಂಡಸರ ವಾರ್ಡು, ರಾತ್ರಿ ಪಾಳಿ.
ಹಿರಿಯ ನರ್ಸು ಗೊಣಗುತ್ತಾರೆ:
ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸು,
ನಲವತ್ತು ಹಾಸಿಗೆ ಕಾಯುತ್ತಿವೆ,
ನಿಮ್ಮ ಬ್ಯಾಚಿನವರು ಫೋನಿನಲ್ಲಿ ಕಲಿತವರು,
ನಿಮಗೆ ಯಾವುದೂ ಬೇಗ ಬರುವುದಿಲ್ಲ.
ನಿಜ ಸಿಸ್ಟರ್, ಎನ್ನುತ್ತೇನೆ.
ಬೆಸ್ತನ ಉಪ್ಪುಗಟ್ಟಿದ ಕೈ ನನ್ನ ಕೈಯಲ್ಲಿದೆ.
ಐವತ್ತೇಳು. ಐವತ್ತೆಂಟು.